ನಮ್ಮ ಊಟ, ನಮ್ಮ ಪಾಲು



ಮನೆಗೆ ಪೇಟೆಯಿಂದ ನೆಂಟರು ಬರುತ್ತಾರೆ. ಆಗ ನಾವೇನು ಮಾಡುತ್ತೇವೆ? ಅಂಗಡಿಗೆ ಓಡುತ್ತೇವೆ. ಬೆಳ್ಳನೆ ಅಕ್ಕಿ ತರುತ್ತೇವೆ. ಮುದ್ದೆ ಪಾತ್ರೆಯನ್ನು ಮೂಲೆಗೆ ಸರಿಸುತ್ತೇವೆ. "ನಮ್ಮನೇಲಿ ಏನಿದೆ ಬಿಡಿ, ಬರೀ ಹಿಟ್ಟು, ಸೊಪ್ಪಿನ ಸಾರು" ಅಂತ ನಾಚಿಕೊಳ್ಳುತ್ತೇವೆ.

ಇದರಲ್ಲಿ ನಾಚಿಕೊಳ್ಳೋದು ಏನಿದೆ? ಬನ್ನಿ, ನೋಡೋಣ.

ನೆಲಕ್ಕೆ ತಕ್ಕ ಊಟ

ಅರಸೀಕೆರೆ, ಹಳೇಬೀಡು, ಬೇಲೂರು ಮೂರೂ ಹಾಸನ ಜಿಲ್ಲೆಯ ಊರುಗಳು. ಆದರೆ ಮಳೆ ಒಂದೇ ಥರ ಇಲ್ಲ. ಅರಸೀಕೆರೆ ಬಯಲುಸೀಮೆ. ಅಲ್ಲಿ ಮಳೆ ಕಡಿಮೆ. ರಾಗಿ, ಹುರುಳಿ, ತೆಂಗು ಅಲ್ಲಿನ ಬೆಳೆ. ಬೇಲೂರು ಮಲೆನಾಡಿನ ಅಂಚು. ಅಲ್ಲಿ ಭತ್ತ ಉಂಟು. ಅಕ್ಕಿ ರೊಟ್ಟಿ, ಕಡುಬು ಉಂಟು.

ಹಳೇಬೀಡು ಇವೆರಡರ ನಡುವೆ ಇದೆ. ಅದು ಹೊಯ್ಸಳರ ರಾಜಧಾನಿ. ಅದರ ಹಳೆಯ ಹೆಸರು ದೋರಸಮುದ್ರ. ಇಲ್ಲಿ ಸಮುದ್ರ ಎಂದರೆ ದೊಡ್ಡ ಕೆರೆ. ಆ ಕೆರೆ ಈಗಲೂ ಇದೆ.

ಕೆರೆ ಇದ್ದರೆ ಊಟ ಇದೆ. ಕೆರೆಯ ಕೆಳಗೆ ಗದ್ದೆ. ಅಂಚಿನ ತೇವದಲ್ಲಿ ಹೊನಗೊನ್ನೆ ಸೊಪ್ಪು, ಕೆಸುವು. ನೀರಿನಲ್ಲಿ ಮೀನು, ಏಡಿ. ಆದರೆ ಕೆರೆಗೆ ಚರಂಡಿ ನೀರು ಸೇರುತ್ತಿದೆಯೇ? ಹಾಗಿದ್ದರೆ ಅಲ್ಲಿನ ಸೊಪ್ಪು ಕೀಳಬೇಡಿ. ಕೆರೆ ಕೆಟ್ಟರೆ ನಮ್ಮ ಊಟವೂ ಕೆಡುತ್ತದೆ.

ರಾಗಿ

"ಹಿಟ್ಟು ತಿಂದವರು ಬೆಟ್ಟ ಕಿತ್ತಿಡ್ತಾರೆ" ಅನ್ನೋ ಮಾತು ನಮ್ಮಲ್ಲಿದೆ. ಇದು ಬರೀ ಮಾತಲ್ಲ. ನಮ್ಮ ಮೂಳೆಗೆ ಸುಣ್ಣದ ಅಂಶ ಬೇಕು. 100 ಗ್ರಾಂ ರಾಗಿಯಲ್ಲಿ ಇದು 340 ಮಿಲಿಗ್ರಾಂಗಿಂತ ಹೆಚ್ಚು ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. 2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ರಾಗಿಯೂ ಅದರಲ್ಲಿ ಸೇರಿತ್ತು. ನಾವು ಮೂಲೆಗೆ ಸರಿಸಿದ್ದನ್ನು ಲೋಕವೇ ಹೊಗಳಿತು.

ಬಸ್ಸಾರು

ಹುರುಳಿ ಅಥವಾ ಬೇರೆ ಕಾಳನ್ನು ಬೇಯಿಸಿ, ಅದಕ್ಕೆ ಸೊಪ್ಪು ಹಾಕಿ ಬೇಯಿಸುತ್ತೇವೆ. ನೀರನ್ನು ಬಸಿಯುತ್ತೇವೆ. ಆ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ನೋಡಿ, ಎಂಥ ಜಾಣತನ! ಬೇಯಿಸಿದ ನೀರನ್ನು ಚೆಲ್ಲಲಿಲ್ಲ. ನೀರಿಗೆ ಇಳಿದ ಸತ್ವ ಹೊಟ್ಟೆಗೇ ಬಂತು. ಇದನ್ನು ನಮ್ಮ ಅಜ್ಜಿಯರು ಯಾವ ಶಾಲೆಯಲ್ಲೂ ಕಲಿಯಲಿಲ್ಲ.

ಡಿಸೆಂಬರ್, ಜನವರಿ ಬಂದರೆ ಸೊಗಡಿನ ಅವರೆ. ಕಾಳು ನೆನೆಸಿ, ಬೆರಳಲ್ಲಿ ಹಿಸುಕಿ, ಸಿಪ್ಪೆ ತೆಗೆದರೆ ಹಿದುಕಿದ ಬೇಳೆ. ಅದರ ಸಾರಿನ ವಾಸನೆಗೆ ಪಕ್ಕದ ಮನೆಯವರೂ ಬರುತ್ತಾರೆ.

ಉಂಡೆ ಕೊಬ್ಬರಿ

ಅರಸೀಕೆರೆ ಕೊಬ್ಬರಿಗೆ ಹೆಸರಾದ ಊರು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಸುಮಾರು 8ರಿಂದ 12 ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ. ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಗಡಗಡ ಸದ್ದು. ಆಗ ಸುಲಿದು, ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ಎಲ್ಲವನ್ನೂ ಮಾರಬೇಡಿ. ಮಕ್ಕಳಿಗೆ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಇರಲಿ.

ನಮ್ಮ ಪಾಲು ಎಲ್ಲಿ?

ಇಷ್ಟೆಲ್ಲಾ ಮಾಡುವವರು ನಾವು. ಕೊನೆಗೆ ಉಣ್ಣುವವರೂ ನಾವೇ. ಅಷ್ಟು ಹೊತ್ತಿಗೆ ಪಲ್ಯ ಖಾಲಿ. ಸಾರು ತಳಕ್ಕೆ ಇಳಿದಿರುತ್ತದೆ. ನಮಗೆ ಉಳಿಯುವುದು ಮುದ್ದೆ, ಉಪ್ಪು, ಮೆಣಸಿನಕಾಯಿ.

2019-21ರಲ್ಲಿ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಮಂದಿಗೆ ರಕ್ತ ಕಡಿಮೆ ಇರುವುದು ಕಂಡಿತು. ಅರ್ಧಕ್ಕಿಂತ ಹೆಚ್ಚು! ಸುಸ್ತು, ತಲೆಸುತ್ತು, ಏದುಸಿರು ಇದರ ಗುರುತು. "ಹೆಂಗಸರಿಗೆ ಇದೆಲ್ಲಾ ಇದ್ದದ್ದೇ" ಅಂತ ಸುಮ್ಮನಿರಬಾರದು.

ಏನು ಮಾಡೋಣ?

* ಪಲ್ಯ ಮಾಡಿದ ಕೂಡಲೇ ನಮ್ಮ ಪಾಲನ್ನೂ ತೆಗೆದಿಡೋಣ. ಆದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ.
* ಸೊಪ್ಪು, ಕಾಳಿನ ಮೇಲೆ ನಿಂಬೆಹಣ್ಣು ಹಿಂಡೋಣ. ಅದರಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ.
* ಉಂಡ ಕೂಡಲೇ ಕಾಫಿ, ಟೀ ಬೇಡ. ಒಂದು ಗಂಟೆ ಬಿಟ್ಟು ಕುಡಿಯೋಣ.
* ಸುಸ್ತು ಹೆಚ್ಚಾದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸೋಣ. ಮಾತ್ರೆ ಕೊಟ್ಟರೆ ತಪ್ಪದೆ ನುಂಗೋಣ. ಮಾತ್ರೆ ಬೇಕಾದಾಗ ಊಟ ಒಂದೇ ಸಾಲದು.

ಇನ್ನು ನೆಂಟರು ಬಂದರೆ? ಬಿಸಿ ಮುದ್ದೆಯನ್ನು ನಡುಮನೆಗೇ ತರೋಣ. ನಮ್ಮ ತಟ್ಟೆಯನ್ನೂ ಅಲ್ಲೇ ಇಟ್ಟುಕೊಳ್ಳೋಣ.

ಮಾತಾಡೋಣ

1. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಯಾಕೆ?
2. ನಿಮ್ಮೂರ ಕೆರೆ ಈಗ ಹೇಗಿದೆ?

ಬರೆಯೋಣ

ನಿಮ್ಮೂರಲ್ಲಿ ಸಿಗುವ ಐದು ಸೊಪ್ಪುಗಳ ಹೆಸರು ಬರೆಯಿರಿ. ಅಜ್ಜಿಯರನ್ನು ಕೇಳಿ ಇನ್ನೂ ಐದು ಸೇರಿಸಿ.