ಪಟಪಟ ಓದುವವರ ಮೇಲೊಂದು ಕಣ್ಣಿರಲಿ

ನಾಲ್ಕು, ಐದನೇ ಕ್ಲಾಸು ನಿನ್ನ ಪಾಲಿಗೆ ಬಂದಿದೆ ಎಂದೆಯಲ್ಲಮ್ಮ, ಒಳ್ಳೆಯದೇ ಆಯಿತು. ನಲಿ-ಕಲಿ ಮುಗಿಸಿ ಮೇಲೆ ಬಂದವರಲ್ಲಿ ಓದಲು ಬಾರದವರು ಇದ್ದೇ ಇರುತ್ತಾರೆ. ಮೊದಲ ವಾರದಲ್ಲೇ ಕಣ್ಣಿಗೆ ಬೀಳುತ್ತಾರೆ. ಕಣ್ಣಿಗೆ ಬೀಳದವರು ಬೇರೆ. ಪಾಠವನ್ನು ಎಲ್ಲೂ ತಡವರಿಸದೆ ಓದಿ ಮುಗಿಸಿ, ಏನು ಓದಿದೆ ಎಂದರೆ ತಲೆ ಕೆರೆದುಕೊಳ್ಳುವವರು. ಕನ್ನಡವನ್ನು ಬರೆದ ಹಾಗೇ ಓದುತ್ತೇವಲ್ಲ, ಕಾಗುಣಿತ, ಒತ್ತಕ್ಷರ ಪಕ್ಕಾ ಆದ ಮಗು ಜಮೀನಿನ ಕ್ರಯಪತ್ರವನ್ನು ಕೊಟ್ಟರೂ ಸಲೀಸಾಗಿ ಓದೀತು. ಹಾಗಾಗಿ ಕೊರತೆ ಬೇಗ ಬಯಲಾಗುವುದಿಲ್ಲ. ನಿನ್ನ ಕಿವಿಗೆ ಹಾಕಬೇಕಾದ್ದನ್ನು ಬರೆದಿದ್ದೇನೆ, ನೋಡು.

• ಮೊದಲು ನಾವು ಕೇಳುವ ಪ್ರಶ್ನೆಗಳ ಮೇಲೇ ಅನುಮಾನ ಇರಲಿ. ಬೋರ್ಡಿನ ಮೇಲೆ ಹೀಗೆ ಬರೆ: ‘ಗುಮರಿಯು ಟಿಬ್ಬಿಯನ್ನು ಲಪಕಿನಲ್ಲಿ ಮಟುಕಿತು.’ ಒಂದು ಪದಕ್ಕೂ ಅರ್ಥವಿಲ್ಲ. ಆದರೂ ‘ಗುಮರಿಯು ಟಿಬ್ಬಿಯನ್ನು ಎಲ್ಲಿ ಮಟುಕಿತು?’ ಎಂದು ಕೇಳಿ ನೋಡು, ‘ಲಪಕಿನಲ್ಲಿ ಮಿಸ್’ ಎಂದು ಇಡೀ ಕ್ಲಾಸು ಕೂಗುತ್ತದೆ. ಯಾವುದನ್ನು ಎಂದರೆ ‘ಟಿಬ್ಬಿಯನ್ನು’. ಹತ್ತಕ್ಕೆ ಹತ್ತು! ಪ್ರತ್ಯಯದ ಬಾಲ ಹಿಡಿದು ಉತ್ತರ ಹೆಕ್ಕುವುದು ಮಕ್ಕಳಿಗೆ ಕರಗತ. ‘ಒಂದು ವಾಕ್ಯದಲ್ಲಿ ಉತ್ತರಿಸಿ’ ಅನ್ನುವ ಪ್ರಶ್ನೆಗಳಲ್ಲಿ ಎಷ್ಟೋ ಇದೇ ಜಾತಿಯವು. ಅವನ್ನು ಬಿಡು ಅನ್ನುತ್ತಿಲ್ಲ, ಪರೀಕ್ಷೆಗೆ ಬೇಕು. ಜೊತೆಗೆ, ಪುಸ್ತಕದಲ್ಲಿ ನೇರ ಉತ್ತರ ಇಲ್ಲದ ಒಂದನ್ನು ಕೇಳು: ಕಥೆಯ ಅಜ್ಜಿಗೆ ಮೊಮ್ಮಗನ ಮೇಲೆ ಸಿಟ್ಟಿತ್ತಾ, ಇರಲಿಲ್ವಾ? ಏನೇ ಹೇಳಲಿ, ‘ಎಲ್ಲಿಂದ ಗೊತ್ತಾಯ್ತು? ಆ ಸಾಲು ತೋರಿಸು’ ಅನ್ನು. ಸಾಲು ಹುಡುಕಲು ಮಗು ಪುಟ ಹಿಂದಕ್ಕೆ ತಿರುವುತ್ತದಲ್ಲ, ಆ ಹೊತ್ತಿನಲ್ಲಿ ನಡೆಯುವುದೇ ನಿಜವಾದ ಓದು.

• ‘ಅರ್ಥ ಆಯ್ತಾ?’ ಎಂದು ಕೇಳಲೇಬೇಡ. ‘ಹೂಂ ಮಿಸ್’ ಬಿಟ್ಟು ಬೇರೆ ಉತ್ತರ ಯಾವ ಕಾಲಕ್ಕೂ ಬಂದಿಲ್ಲ.

• ನಮ್ಮ ಭಾಷೆ ಮಕ್ಕಳನ್ನು ಎಡವಿಸುವ ಜಾಗಗಳನ್ನು ಗುರುತು ಮಾಡಿಟ್ಟುಕೋ. ‘ಅವನು ಬಾರದೆ ಇರಲಿಲ್ಲ.’ ಬಂದನೋ, ಇಲ್ಲವೋ? ಅರ್ಧ ಕ್ಲಾಸು ಇಲ್ಲ ಅನ್ನುತ್ತದೆ. ‘ರಾಜು ಅಣ್ಣನ ಜೊತೆ ಸಂತೆಗೆ ಹೋದ. ಅವನ ಚೀಲ ಕಳೆಯಿತು.’ ಯಾರ ಚೀಲ? ಇನ್ನು ‘ಹೋಗಬೇಕಾಗಿದ್ದವರನ್ನು’ ಥರದ ಉದ್ದನೆಯ ಪದ ಬಂದರೆ ಓದಿಕೊಂಡು ಮುಂದೆ ಹೋಗಬೇಡ. ಹೋದರಾ, ಹೋಗಲಿಲ್ಲವಾ ಎಂದು ಕೇಳಿ ಬಿಡಿಸು. ‘ಆದರೂ’, ‘ಅಷ್ಟರಲ್ಲಿ’, ‘ಹೀಗಾಗಿ’ ಬಂದಲ್ಲಿ ಓದು ನಿಲ್ಲಿಸಿ, ಮುಂದೇನಾಗಬಹುದು ಎಂದು ಊಹೆ ಮಾಡಿಸು. ‘ಆದರೂ’ ಕಂಡ ಕೂಡಲೇ ಏನೋ ತಿರುಗುತ್ತದೆ ಎಂದು ಹೊಳೆಯತೊಡಗಿದರೆ ಆ ಮಗು ದಾರಿಗೆ ಬಂತೆಂದೇ ಲೆಕ್ಕ.

• ದಿನಾ ಹತ್ತು ನಿಮಿಷ ನೀನೇ ಕಥೆ ಓದಿ ಹೇಳು, ಮಕ್ಕಳ ಓದಿನ ಮಟ್ಟಕ್ಕಿಂತ ಒಂದು ಕೈ ಮೇಲಿನದನ್ನು. ಸಿಲಬಸ್ ಮುಗಿಯುವುದಿಲ್ಲ ಎಂದು ಇದನ್ನೇ ಮೊದಲು ಕೈಬಿಡುತ್ತಾರೆ. ಗಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು 1986ರಲ್ಲಿ ಒಂದು ಲೆಕ್ಕ ಕೊಟ್ಟರು: ಓದಿನ ಗ್ರಹಿಕೆ ಎಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದಷ್ಟು. ಕೂಡಿಸಿದಷ್ಟಲ್ಲ, ಗುಣಿಸಿದಷ್ಟು! ಒಂದು ಕಡೆ ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಸೊನ್ನೆಯೇ. ಕೇಳಿದರೆ ಅರ್ಥವಾಗದ ವಾಕ್ಯ ಓದಿದರೆ ಮಾತ್ರ ಅರ್ಥವಾಗುತ್ತದೆಯೇ?

• ಪಾಠ ತೆರೆಯುವ ಮೊದಲು ಅದರ ವಿಷಯ ಮಾತಾಡಿಸು. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬವರು ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ವಿವರಣೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ಅರಿಯದವರಿಗಿಂತ ಹೆಚ್ಚು ಗ್ರಹಿಸಿದ್ದರು. ರಾಯಚೂರಿನ ಮಗು ಸಮುದ್ರದ ಭರತ-ಇಳಿತದ ಪಾಠ ಓದುವಾಗ, ಉಳ್ಳಾಲದ ಮಗು ಜೋಳದ ರಾಶಿಯ ಪಾಠ ಓದುವಾಗ ಆಗುವುದೂ ಇದೇ. ‘ದಡ್ಡ’ ಅನ್ನುವ ಮುಂಚೆ, ಅವನಿಗೆ ಗೊತ್ತಿರುವ ಕಬಡ್ಡಿಯ ಮೇಲೋ ಕುರಿ ಸಾಕಣೆಯ ಮೇಲೋ ಒಂದು ಪುಟ ಬರೆದು ಓದಿಸಿ ನೋಡು.

• ಅರ್ಥವಾಯಿತೇ ಎಂದು ಪರೀಕ್ಷಿಸುವಾಗ ಭಾಷೆ ತಿದ್ದಬೇಡ. ಲಂಬಾಣಿ, ಉರ್ದು, ತುಳು, ಜೇನುಕುರುಬರ ಮಾತು, ಮನೆಯಲ್ಲಿ ಯಾವುದಿದೆಯೋ ಅದರಲ್ಲೇ ಕಥೆ ಹೇಳಲಿ. ನಿನಗೆ ತಿಳಿಯದಿದ್ದರೆ ಪಕ್ಕದ ಮಗು ಕನ್ನಡಕ್ಕೆ ತಂದು ಹೇಳುತ್ತದೆ. ಒಂದು ಕಲ್ಲಿಗೆ ಎರಡು ಹಕ್ಕಿ. ತಿದ್ದುವ ಕೆಲಸ ಇನ್ನೊಂದು ಪೀರಿಯಡ್ಡಿಗಿರಲಿ.

• ಸಾಮೂಹಿಕ ಓದು ಕಡಿಮೆ ಮಾಡು. ಗದ್ದಲದಲ್ಲಿ ಬಾಯಾಡಿಸುವವರು ಬಚಾವಾಗುತ್ತಾರೆ.

• ಶಾಲೆಯ ಬೀರುವಿನ ಬೀಗ ತೆಗೆ. ಪುಸ್ತಕ ಹರಿದರೆ ಹರಿಯಲಿ, ಅಂಟು ಹಚ್ಚಿದರಾಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಒಂದು ಶನಿವಾರ ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗಿ ಹೆಸರು ಬರೆಸು. ಮೊಬೈಲಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಹಂತ ಹಂತವಾಗಿ ಪುಕ್ಕಟೆ ಸಿಗುತ್ತವೆ. ಐದನೆಯವನು ಮೊದಲ ಹಂತದ್ದು ಓದಿದರೆ ನಗಬಾರದು, ಬೇರೆಯವರು ನಗಲೂ ಬಿಡಬಾರದು.

• ಪೋಷಕರ ಸಭೆಯಲ್ಲಿ ‘ಮನೇಲಿ ಓದಿಸಿ’ ಎಂದರೆ ಅಕ್ಷರ ಬಾರದ ತಾಯಂದಿರು ತಲೆ ತಗ್ಗಿಸುತ್ತಾರೆ. ಹಾಗನ್ನಬೇಡ. ರೊಟ್ಟಿ ತಟ್ಟುವಾಗ, ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಇವತ್ತು ಓದಿದ ಕಥೆ ಹೇಳಿಸಲಿ, ನಡುನಡುವೆ ‘ಆಮೇಲೆ?’, ‘ಅವಳ್ಯಾಕೆ ಹಾಗೆ ಮಾಡಿದ್ಲು?’ ಅಂದರೆ ಸಾಕು. ಮಗು ತಡವರಿಸಿದರೆ ‘ನಾಳೆ ಇನ್ನೊಂದ್ಸಲ ಓದ್ಕೊಂಡು ಬಂದು ಹೇಳು’ ಅನ್ನಲಿ. ಇಷ್ಟಕ್ಕೆ ಯಾವ ತಾಯಿಗೂ ಅಕ್ಷರ ಬೇಕಿಲ್ಲ ಎಂದು ಸಭೆಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳು.