ಕಟ್ಟಿದ ಗಂಟಿಗೆ ಹೊಸ ಕಡತವನ್ನು ಸೇರಿಸುವ ಕ್ರಮ

ಹಿಂದೆ ನಮ್ಮ ಸೀಮೆಯಲ್ಲಿ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುವುದು ವಾಡಿಕೆ. ಒರಸಿ ಮತ್ತೆ ಬರೆಯಬಹುದಾಗಿದ್ದುದೇ ಕಡತದ ಗುಣ. ಅದರ ಅಪಾಯವೂ ಅದೇ. ಈಗ ಗಣಕಯಂತ್ರದ ಫೈಲಿಗೂ ಕನ್ನಡದಲ್ಲಿ ಕಡತವೆಂದೇ ಹೆಸರು. ಹೆಸರಿನೊಡನೆ ಆ ಅಪಾಯವೂ ಬಂದಿದೆಯೆಂಬುದನ್ನು ನಾವು ಕಷ್ಟಪಟ್ಟು ಕಲಿತೆವು.

ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ತರಗತಿಯ ಛಾಯಾಚಿತ್ರಗಳನ್ನು ಊರೂರುಗಳಿಂದ ನಮಗೆ ಕಳುಹಿಸುತ್ತಿರುವರು. ಅವುಗಳನ್ನೆಲ್ಲ ಝಿಪ್ ಎಂಬ ಅಡಕದ ಗಂಟಿನಲ್ಲಿ ಕಟ್ಟಿಟ್ಟಿದ್ದೆವು. ಒಂದು ಸಂಜೆ ಹೊಸದಾಗಿ ಬಂದ ಐದು ಚಿತ್ರಗಳನ್ನು ಅದಕ್ಕೆ ಸೇರಿಸಲೆಂದು ಪೈಥಾನ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ನಡೆಯಿಸಿದೆವು. ಗಂಟನ್ನು ಬಿಚ್ಚಿ ನೋಡಲು, ಒಳಗೆ ಐದೇ ಚಿತ್ರಗಳು! ಉಪಾಧ್ಯಾಯಿನಿಯೊಬ್ಬರಲ್ಲಿ ಹಳೆಯ ಪ್ರತಿಯಿದ್ದುದರಿಂದ ಬಹುಪಾಲು ಉಳಿಯಿತು. ಉಳಿಯದವುಗಳಿಗಾಗಿ ವೃದ್ಧರಾದ ತಾಯಂದಿರಿಗೆ ಮತ್ತೆ ಬರೆದು ಬೇಡಬೇಕಾಯಿತು.

ತಪ್ಪು ಒಂದೇ ಅಕ್ಷರದ್ದು. ಗಂಟನ್ನು ತೆರೆಯುವಾಗ ಯಾವ ಉದ್ದೇಶಕ್ಕೆಂದು ಯಂತ್ರಕ್ಕೆ ಒಂದು ಅಕ್ಷರದಿಂದ ತಿಳಿಸತಕ್ಕದ್ದು. ‘ಆರ್’ ಎಂದರೆ ಓದಲು ಮಾತ್ರ. ‘ಡಬ್ಲ್ಯು’ ಎಂದರೆ ಇದ್ದುದನ್ನೆಲ್ಲ ಒರಸಿ ಹೊಸದಾಗಿ ಬರೆಯಲು. ಇದ್ದುದನ್ನು ಇಟ್ಟುಕೊಂಡು ಕೊನೆಗೆ ಸೇರಿಸಲು ‘ಎ’ ಎಂಬ ಅಕ್ಷರವೇ ಬೇಕು. ನಾವು ಬರೆದುದು ‘ಡಬ್ಲ್ಯು’. ಯಂತ್ರವು ಏನನ್ನೂ ಕೇಳದೆ ವಿಧೇಯತೆಯಿಂದ ಒರಸಿಬಿಟ್ಟಿತು.

ಈ ಗಂಟಿನ ಒಳರಚನೆಯನ್ನು ಸ್ವಲ್ಪ ನೋಡೋಣ. ಇದನ್ನು 1989ರಲ್ಲಿ ಅಮೆರಿಕದ ಫಿಲ್ ಕಾಟ್ಜ್ ಎಂಬವರು ರೂಪಿಸಿದರು. ಪ್ರತಿಯೊಂದು ಕಡತವೂ ಬೇರೆ ಬೇರೆಯಾಗಿ ಅಡಕಗೊಂಡು, ಒಂದರ ಹಿಂದೊಂದು ಸಾಲಾಗಿ ಇರುವುದು. ಯಾವುದು ಎಲ್ಲಿದೆಯೆಂಬ ಸೂಚಿಯು ಪುಸ್ತಕದಲ್ಲಿರುವಂತೆ ಮೊದಲಿಗಿಲ್ಲ, ಕಟ್ಟಕಡೆಗೆ ಉಂಟು. ‘ಎ’ ಎಂದು ತೆರೆದಾಗ ಪೈಥಾನ್ ಆ ಸೂಚಿಯನ್ನು ಓದಿಕೊಂಡು, ಸೂಚಿಯಿದ್ದ ಸ್ಥಳದಿಂದಲೇ ಹೊಸ ಕಡತವನ್ನು ಬರೆದು, ಮುಚ್ಚುವಾಗ ಬೆಳೆದ ಸೂಚಿಯನ್ನು ಮತ್ತೆ ಕೊನೆಗೆ ಬರೆಯುತ್ತದೆ. ಹಳೆಯ ಚಿತ್ರಗಳನ್ನು ಅದು ಮುಟ್ಟುವುದೇ ಇಲ್ಲ. ಆದರೆ ಈ ನಡುವೆ ವಿದ್ಯುತ್ತು ಹೋದರೆ (ಮೈಸೂರಿನ ಮುಂಗಾರಿನಲ್ಲಿ ಇದು ಅಪರೂಪವೇ?) ಹಳೆಯ ಸೂಚಿಯೂ ಇಲ್ಲ, ಹೊಸದೂ ಇಲ್ಲ. ಚಿತ್ರಗಳು ಒಳಗಿದ್ದರೂ ಗಂಟು ತೆರೆಯದು.

ಆದುದರಿಂದ ಈಗ ನಾವು ಮೂಲದ ಗಂಟನ್ನು ಮುಟ್ಟುವುದಿಲ್ಲ. ಮೊದಲು ಅದರ ಪ್ರತಿಯನ್ನು ತೆಗೆದು, ಪ್ರತಿಗೆ ಸೇರಿಸಿ, ಮುಚ್ಚಿ, ‘ಟೆಸ್ಟ್‌ಝಿಪ್’ ಎಂಬ ಪರೀಕ್ಷೆಯಿಂದ ಒಳಗಿನ ಒಂದೊಂದನ್ನೂ ಓದಿಸಿ ನೋಡುವೆವು. ಕೆಟ್ಟುದು ಯಾವುದೂ ಇಲ್ಲವೆಂದು ಕಂಡ ಬಳಿಕವೇ ಪ್ರತಿಯನ್ನು ಮೂಲದ ಸ್ಥಾನಕ್ಕೆ ತರುವೆವು.

ಇನ್ನೊಂದು ತೊಡಕು ಹೆಸರಿನದು. ಇಬ್ಬರು ಸಹೋದರಿಯರು ತಮ್ಮ ತಮ್ಮ ಚಿತ್ರಕ್ಕೆ ‘ನಮ್ಮ ತರಗತಿ’ ಎಂದೇ ಹೆಸರಿಟ್ಟು ಕಳುಹಿಸಿದರು. ಪೈಥಾನ್ ಎಚ್ಚರಿಕೆಯ ಮಾತನ್ನು ಹೇಳಿತೇ ಹೊರತು ತಡೆಯಲಿಲ್ಲ. ಎರಡೂ ಒಳಗೆ ಸೇರಿದುವು; ಆ ಹೆಸರಿನಿಂದ ಕೇಳಿದರೆ ಮಾತ್ರ ಕಡೆಯದೊಂದೇ ಹೊರಬರುವುದು. ಸೇರಿಸುವುದಕ್ಕೆ ಮುಂಚೆ ಒಳಗಿರುವ ಹೆಸರುಗಳ ಪಟ್ಟಿಯನ್ನು ಓದಿ, ಇದ್ದ ಹೆಸರು ಮತ್ತೆ ಬಂದರೆ ವರ್ಷವನ್ನು ಸೇರಿಸಿ ಬದಲಿಸತಕ್ಕದ್ದು.

ಅಡಕಗೊಳಿಸೆಂದು ಬೇರೆಯಾಗಿ ಹೇಳದಿದ್ದರೆ ಪೈಥಾನ್ ಕಡತವನ್ನು ಇದ್ದಂತೆಯೇ ಇಡುವುದು. ಜೆಪೆಗ್ ಚಿತ್ರಗಳು ಮೊದಲೇ ಅಡಕವಾದುವು, ನಷ್ಟವಿಲ್ಲ. ಬರೆಹಗಳಿಗಾದರೆ ‘ಡಿಫ್ಲೇಟೆಡ್’ ಎಂದು ಸೂಚಿಸಬೇಕು.

ಕೆಲವರು ‘ಟಾರ್ ಜೀಝಿಪ್’ ಎಂಬ ಬೇರೆ ಬಗೆಯ ಗಂಟನ್ನು ಕಳುಹಿಸುವರು. ಅದರಲ್ಲಿ ಎಲ್ಲ ಕಡತಗಳೂ ಒಟ್ಟಾಗಿ ಒಂದೇ ಮುದ್ದೆಯಾಗಿ ಅಡಕಗೊಂಡಿರುವುದರಿಂದ ಪೈಥಾನ್ ಅದಕ್ಕೆ ಸೇರಿಸಲು ಒಪ್ಪದು. ಅದನ್ನು ಪೂರ್ತಿ ಬಿಚ್ಚಿ, ಹೊಸದನ್ನು ಸೇರಿಸಿ, ಮತ್ತೆ ಮೊದಲಿನಿಂದ ಕಟ್ಟಬೇಕು. ಚಿತ್ರ ಕಳುಹಿಸುವವರು ದಯವಿಟ್ಟು ಝಿಪ್ಪಿನಲ್ಲಿಯೇ ಕಳುಹಿಸಿ, ತಮ್ಮಲ್ಲಿಯೂ ಒಂದು ಪ್ರತಿಯನ್ನು ಇಟ್ಟುಕೊಂಡಿರಬೇಕಾಗಿ ಕೋರುತ್ತೇವೆ.