ದಾಡಿ ಬ್ರಷ್ಷಿನ ಕೂದಲು ಮೈಲಿಗೆಯೇ?

ಪ್ರಶ್ನೆ: ನಮ್ಮ ತಂದೆಯವರು ಸಂಧ್ಯಾವಂದನೆ, ದೇವರಪೂಜೆ ಒಂದು ದಿನವೂ ತಪ್ಪಿಸಿದವರಲ್ಲ. ಅವರು ತೀರಿಕೊಂಡು ಮೂರು ವರ್ಷವಾಯಿತು. ಅವರು ಬಹಳ ವರ್ಷ ಬಳಸಿದ ದಾಡಿ ಬ್ರಷ್ಷನ್ನು ನೆನಪಿಗೆಂದು ನಾನು ಬಳಸುತ್ತಿದ್ದೆ. ಮೊನ್ನೆ ಮಗ ಅದರ ಹಿಡಿಕೆಯ ಮೇಲಿದ್ದ ‘ಬೋರ್’ ಎಂಬ ಅಕ್ಷರ ಓದಿ, ‘ಇದು ಹಂದಿ ಕೂದಲು’ ಅಂದ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ತಂದೆಯವರು ಇಷ್ಟು ವರ್ಷ ಮಾಡಿದ ಪೂಜೆ ಮೈಲಿಗೆಯಲ್ಲೇ ಆಯಿತೇ? ಸಿಂಥೆಟಿಕ್ ಬ್ರಷ್ ತೆಗೆದುಕೊಳ್ಳಬಹುದೇ? ‘ಅಪ್ಪನ ವಸ್ತು ಬಿಡಬೇಡ’ ಅನ್ನುತ್ತಾರೆ ತಾಯಿ. ಮುಂದಿನ ತಿಂಗಳು ಶ್ರಾದ್ಧವಿದೆ. ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಮನಸ್ಸಿಗೆ ಹತ್ತಿದ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ತಂದೆಯವರ ಪೂಜೆಗೆ ಈ ಬ್ರಷ್ಷಿನಿಂದ ಯಾವ ದೋಷವೂ ತಟ್ಟಿಲ್ಲ. ಯಾಕಂದರ ಅವರು ದಾಡಿ ಮಾಡಿಕೊಂಡು, ಆಮೇಲೆ ಜಳಕ ಮಾಡಿ, ಮಡಿ ಉಟ್ಟು ದೇವರ ಮುಂದೆ ಕೂತವರು. ಕ್ಷೌರದ ಮೈಲಿಗೆ ಏನಿದ್ದರೂ ಜಳಕದ ನೀರಿನೊಂದಿಗೇ ಹೋಯಿತು.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಮೈಮೇಲೆ ಇರುವ ತನಕ ಕೂದಲು, ಉಗುರು ನಮ್ಮ ಅಂಗ. ಕತ್ತರಿಸಿ ಬೇರೆಯಾದ ಕೂಡಲೇ ಅವು ಅಶುದ್ಧ. ಹೀಗಾಗಿ ಎಂಥ ಬ್ರಷ್ ಹಿಡಿದರೂ ಕ್ಷೌರದಿಂದ ಮೈಲಿಗೆ ಆಗೇ ಆಗುತ್ತದೆ, ಅದಕ್ಕೆ ಸ್ನಾನವೇ ಶುದ್ಧಿ. ನಮ್ಮ ಸಂಸ್ಕಾರಗಳ ಕ್ರಮ ನೋಡಿರಿ. ಉಪನಯನದಲ್ಲಿ ವಟುವಿಗೆ ಮೊದಲು ಕ್ಷೌರ, ಆಮೇಲೆ ಸ್ನಾನ. ವೇದಾಧ್ಯಯನ ಮುಗಿಸಿದವನಿಗೆ ಸಮಾವರ್ತನದಲ್ಲೂ ಅದೇ ಕ್ರಮ. ಆ ಸ್ನಾನದಿಂದಲೇ ಅವನಿಗೆ ‘ಸ್ನಾತಕ’ ಎಂಬ ಹೆಸರು. ತೀರ್ಥಕ್ಷೇತ್ರದ ಮುಂಡನವಿರಲಿ, ತಂದೆ ತೀರಿದಾಗ ಮಗ ಮಾಡಿಸಿಕೊಳ್ಳುವ ವಪನವಿರಲಿ, ಎಲ್ಲದರ ಬೆನ್ನಿಗೂ ಸ್ನಾನವಿದ್ದೇ ಇದೆ.

ಈಗಿನ ಮನೆಗಳಲ್ಲಿ ಕೆಟ್ಟಿರುವುದು ಈ ಕ್ರಮವೇ. ನಸುಕಿನಲ್ಲಿ ಜಳಕ, ಪೂಜೆಗೆ ಹೂವು-ನೀರು ಸಿದ್ಧ, ನಡುವೆ ಆಫೀಸಿನ ಗಡಿಬಿಡಿಯಲ್ಲಿ ಕನ್ನಡಿ ಮುಂದೆ ದಾಡಿ, ಹಂಗೇ ಬಂದು ದೇವರಿಗೆ ಮಂಗಳಾರತಿ! ಬ್ರಷ್ ಎಷ್ಟೇ ಶುದ್ಧವಿದ್ದರೂ ಇದು ಸರಿಯಲ್ಲ. ಸಿಂಥೆಟಿಕ್ ತಂದೆನಲ್ಲ, ಇನ್ನು ಜಳಕ ಬೇಕಿಲ್ಲ ಅಂದುಕೊಂಡರೆ ಅದೂ ತಪ್ಪು.

ಬ್ರಷ್ ಎಂಬ ವಸ್ತು ನಮ್ಮ ಪ್ರಾಚೀನ ಗ್ರಂಥಗಳಿಗೆ ಗೊತ್ತೇ ಇಲ್ಲ. ಆಶ್ವಲಾಯನ ಗೃಹ್ಯಸೂತ್ರದ ಚೌಲವಿಧಿಯಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿ, ಬೆಣ್ಣೆ ಇಲ್ಲವೇ ಮೊಸರಿನ ಹನಿ ಸೇರಿಸಿ ಮಗುವಿನ ತಲೆ ತೋಯಿಸಬೇಕೆಂದಿದೆ. ಇವತ್ತು ಸಾಬೂನಿನ ನೊರೆ ಮಾಡುವ ಕೆಲಸವನ್ನೇ ಅಲ್ಲಿ ಬೆಣ್ಣೆ, ನೀರು ಮಾಡುತ್ತವೆ. ಯಜ್ಞದಲ್ಲಿ ಸೋಮಲತೆ ಸಿಗದಿದ್ದರೆ ಪೂತೀಕ ಎಂಬ ಬಳ್ಳಿಯನ್ನು ಪ್ರತಿನಿಧಿಯಾಗಿ ಒಪ್ಪುವ ಶಾಸ್ತ್ರ, ಬಚ್ಚಲಮನೆಯ ಬ್ರಷ್ ಬದಲಿಸಲು ಅಡ್ಡಬಂದೀತೇ? ನಿಸ್ಸಂಕೋಚವಾಗಿ ಬದಲಿಸಿರಿ.

ಹಂಗಾರೆ ಪ್ರಾಣಿಯ ಕೂದಲೆಲ್ಲ ಅಶುದ್ಧವೇ ಅಂತ ಕೇಳಬಹುದು. ಅಲ್ಲ. ನಮ್ಮ ಧಾರವಾಡ ಕಡೆ ಹಿರಿಯರು ಮಡಿಗೆ ಉಡುವ ಧಾಬಳಿ ಕುರಿಯ ಉಣ್ಣೆಯದು. ದೇವರಿಗೆ ಬೀಸುವ ಚಾಮರ ಚಮರೀಮೃಗದ ಬಾಲದ ಕೂದಲು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಉಣ್ಣೆ, ರೇಷ್ಮೆಗಳನ್ನು ಚೌಳುಮಣ್ಣಿನಿಂದ, ಕಂಬಳಿಯನ್ನು ಅಂಟುವಾಳದಿಂದ ಶುದ್ಧಿ ಮಾಡುವ ಕ್ರಮವನ್ನೇ ಹೇಳಿದೆ. ತೊಳೆದು ಬಳಸು ಅಂತಲೇ ಅದರ ಅರ್ಥ.

ಆದರೆ ಶುದ್ಧಿಯ ವಿಚಾರ ಒಂದು, ಹಿಂಸೆಯ ವಿಚಾರ ಇನ್ನೊಂದು. ಕುರಿಯ ಉಣ್ಣೆಯನ್ನು ಜೀವಂತ ಕುರಿಯಿಂದ ಕತ್ತರಿಸುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಹಂದಿಯ ಬಿರುಗೂದಲು ಕಸಾಯಿಖಾನೆಯಿಂದ ಬರುವಂಥದು. ‘ಬ್ಯಾಜರ್’ ಎಂದು ದುಬಾರಿ ಬೆಲೆಗೆ ಮಾರುವ ಬ್ರಷ್ಷಿಗೆ ಆ ಹೆಸರಿನ ಕಾಡುಪ್ರಾಣಿಯನ್ನೇ ಕೊಲ್ಲುತ್ತಾರೆ. ಚಿತ್ರಕಾರರ ಬ್ರಷ್ಷಿಗಾಗಿ ನಮ್ಮ ಹೊಲದ ಮುಂಗುಸಿಗಳನ್ನೂ ಕೊಲ್ಲುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ವ್ಯಾಪಾರ ಅಪರಾಧ. ‘ರೇಷ್ಮೆಗೂ ಹುಳು ಸಾಯುತ್ತದಲ್ಲ ಶಾಸ್ತ್ರಿಗಳೇ’ ಅಂದರೆ, ಹೌದು, ಸಾಯುತ್ತದೆ. ಅದಕ್ಕೇ ಇವತ್ತು ನೂಲಿನ ಮಡಿಯನ್ನೇ ಉಡುವವರೂ ಇದ್ದಾರೆ. ಒಂದು ಹಿಂಸೆ ಬಿಡಲಾಗಲಿಲ್ಲವೆಂದು ಸುಲಭವಾಗಿ ಬಿಡಬಹುದಾದ ಇನ್ನೊಂದನ್ನು ಹಿಡಿದುಕೊಂಡು ಕೂಡಬೇಕಾಗಿಲ್ಲ. ಹಲ್ಲುಜ್ಜುವ ಬ್ರಷ್ಷೂ ಒಂದು ಕಾಲಕ್ಕೆ ಹಂದಿಗೂದಲಿನದೇ ಇತ್ತು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಬಂತು, ಇವತ್ತು ಎಲ್ಲರ ಮನೆಯಲ್ಲೂ ಅದೇ ಇದೆ.

ಇನ್ನು ತಂದೆಯವರ ಬ್ರಷ್. ಮತ್ತೊಬ್ಬರು ತೊಟ್ಟ ಚಪ್ಪಲಿ, ಬಟ್ಟೆ, ಜನಿವಾರ ನಾವು ತೊಡಬಾರದೆಂದು ಸ್ಮೃತಿ ಹೇಳುತ್ತದೆ. ಮುಖಕ್ಕೆ ಹಚ್ಚುವ ಬ್ರಷ್ಷಿಗೂ ಅದೇ ನ್ಯಾಯ ಒಪ್ಪುತ್ತದೆ. ಆರೋಗ್ಯದ ದೃಷ್ಟಿಯಿಂದಲೂ ಇದೇ ಸರಿ. ಮೊದಲನೆಯ ಮಹಾಯುದ್ಧದ ಕಾಲಕ್ಕೆ, ಸರಿಯಾಗಿ ಶುದ್ಧಿ ಮಾಡದ ಕುದುರೆಗೂದಲಿನ ದಾಡಿ ಬ್ರಷ್ಷುಗಳಿಂದ ಇಂಗ್ಲೆಂಡ್, ಅಮೆರಿಕಗಳಲ್ಲಿ ಆಂಥ್ರಾಕ್ಸ್ ರೋಗ ತಗಲಿ ಜನ ಸತ್ತದ್ದುಂಟು. ತಾಯಿಯವರಿಗೆ ಸಮಾಧಾನವಾಗಿ ಹೇಳಿರಿ: ‘ಅವ್ವಾ, ಅಪ್ಪನ ವಸ್ತು ಬಿಡೂದಿಲ್ಲ, ಜ್ವಾಕಿಯಿಂದ ಇಡತೀನಿ.’ ಅಂಟುವಾಳದ ನೀರಿನಲ್ಲಿ ತೊಳೆದು, ನೆರಳಿಗೆ ಒಣಗಿಸಿ, ಅವರ ಕನ್ನಡಕ, ಗಡಿಯಾರಗಳ ಜೋಡಿ ಕಪಾಟಿನಲ್ಲಿಡಿರಿ. ದೇವರಮನೆಯಲ್ಲಿ ಬೇಡ. ಉಣಕಲ್ ಕೆರೆಗೋ ಹೊಳೆಗೋ ‘ವಿಸರ್ಜನೆ’ ಅಂತ ಹಾಕುವುದಂತೂ ಬೇಡವೇ ಬೇಡ.

ಆಚರಣೆಗೆ ಇಷ್ಟು ನೆನಪಿಡಿರಿ:

1. ಮೊದಲು ದಾಡಿ, ಆಮೇಲೆ ಜಳಕ, ಆಮೇಲೆ ಸಂಧ್ಯಾವಂದನೆ, ಪೂಜೆ. ಊಟವಾದ ಮೇಲೆ, ಸೂರ್ಯಾಸ್ತದ ಮೇಲೆ ಕ್ಷೌರ ಬೇಡ.

2. ಏಕಾದಶಿ, ಅಮಾವಾಸ್ಯೆ, ಹುಣ್ಣಿಮೆ, ಮಂಗಳವಾರ, ಶನಿವಾರ ಕ್ಷೌರ ಬಿಡುವ ರೂಢಿ ಇದೆ. ನೌಕರಿಯ ಸಲುವಾಗಿ ನಿತ್ಯ ದಾಡಿ ಅನಿವಾರ್ಯವಾದವರು ನಿಮ್ಮ ಮನೆಯ ಹಿರಿಯರ ಸಂಪ್ರದಾಯ ಕೇಳಿ ನಡೆಯಿರಿ.

3. ಶ್ರಾದ್ಧದ ದಿನ ಕ್ಷೌರವಿಲ್ಲ, ಹಿಂದಿನ ದಿನವೇ ಮುಗಿಸಿರಿ. ಆ ದಿನ ನಿಷಿದ್ಧವಾಗಿದ್ದರೆ ಅದಕ್ಕೂ ಮೊದಲು.

4. ಬ್ರಷ್ ಕೊಳ್ಳುವಾಗ ‘ಸಿಂಥೆಟಿಕ್’ ಎಂದು ಬರೆದದ್ದನ್ನು ನೋಡಿ ತೆಗೆದುಕೊಳ್ಳಿರಿ. ಸಂಶಯವಿದ್ದರೆ ಒಂದೇ ಎಳೆ ಕಿತ್ತು ಚಿಮಟಿಗೆಯಲ್ಲಿ ಹಿಡಿದು ದೀಪಕ್ಕೆ ತೋರಿಸಿರಿ. ಕೂದಲಾದರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನ್ ಆದರೆ ಕರಗಿ ಗುಂಡಗೆ ಗಂಟು ಕಟ್ಟುತ್ತದೆ. ಹೊಸ ಬ್ರಷ್ಷನ್ನು ಹಳೆಯದರಂತೆ ಬಹಳ ಹೊತ್ತು ನೆನೆಹಾಕುವುದು ಬೇಡ, ಕುದಿಯುವ ನೀರೂ ಬೇಡ. ನೀರು ಕಡಿಮೆ ಹಿಡಿಯುತ್ತದೆ, ಬೇಗ ಒಣಗುತ್ತದೆ.

ಶ್ರಾದ್ಧದ ದಿನ ಎಳ್ಳು-ನೀರು ಬಿಡುವಾಗ ಈ ಸಂಶಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿರಿ. ನಿಮ್ಮ ತಂದೆಯವರು ನಿತ್ಯವೂ ಶುದ್ಧರಾಗಿಯೇ ಅರ್ಘ್ಯ ಕೊಟ್ಟವರು. ನೀವೂ ಅದೇ ಕ್ರಮ ನಡೆಸಿಕೊಂಡು ಹೋಗಿರಿ. ಶುಭವಾಗಲಿ.